ಏಳಂದ್ರೆ ಏಳೇ ತೋರಿಸೋ ಮೀಟರು

ನಾಗಲಕ್ಷ್ಮಿ ಒಂಬತ್ತು ವರ್ಷ ಹೊಳೆನರಸೀಪುರದ ಒಂದು ಖಾಸಗಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವಳು. ಅರಕಲಗೂಡಿನ ಹತ್ತಿರದ ತನ್ನೂರಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಗಾಜಿನ ಸಾಮಾನು ತೊಳೆಯುವುದು, ಬಾಟಲಿಗೆ ಚೀಟಿ ಅಂಟಿಸುವುದು, ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿಡುವುದು ಅವಳ ಕೆಲಸ. ಸ್ವರ್ಣಲತಾ ಮೇಡಂ ಮಕ್ಕಳಿಗೆ ಪಾಠ ಮಾಡುವಾಗ ಇವಳು ಸಿಂಕಿನ ಪಕ್ಕ ನಿಂತೇ ಕೇಳಿಸಿಕೊಂಡು ಎಷ್ಟೋ ವಿಷಯ ಕಲಿತಿದ್ದಳು. ಕಾಲೇಜಿನವರು ವಿಜ್ಞಾನ ವಿಭಾಗ ಮುಚ್ಚಿದಾಗ ಕೆಲಸ ಹೋಯಿತು. ಆಮೇಲೆ ಅತ್ತೆ ಸಣ್ಣಕ್ಕನೂ ಕಾಲೋನಿಯ ಇನ್ನೂ ಆರು ಹೆಂಗಸರೂ ಸೇರಿ ಕಟ್ಟಿದ್ದ ಸುಜಾತಾ ಮಹಿಳಾ ಸಂಘದ ನರ್ಸರಿಗೇ ಅವಳೂ ಸೇರಿಕೊಂಡಳು.

ನೆರಳು ಪರದೆಯ ಕೆಳಗೆ ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಮೆಣಸಿನಕಾಯಿ, ಟೊಮೆಟೊ ಸಸಿ ಬೆಳೆಸುತ್ತಿದ್ದರು. ಮೊದಲ ವರ್ಷ ಕಟ್ಟೆ ನೀರಿನಲ್ಲಿ ಸಸಿ ಚೆನ್ನಾಗಿಯೇ ಬಂತು. ಎರಡನೇ ವರ್ಷ ಹೊಸ ಬೋರ್‌ವೆಲ್ ಕೊರೆಸಿ ಅದರ ನೀರು ಬಿಟ್ಟರು. ಮೂರು ವಾರ ಕಳೆಯುವಷ್ಟರಲ್ಲಿ ಎಳೆಯ ಎಲೆಗಳೆಲ್ಲ ಹಳದಿ ತಿರುಗಿದವು. ನರಗಳು ಮಾತ್ರ ಹಸಿರಾಗಿದ್ದವು. ಮೇಲಿನ ಬೀದಿಯ ರಂಗಯ್ಯ ಸಸಿಗೆಂದು ಗಾಡಿ ತಂದವರು ಟ್ರೇ ಎತ್ತಿ ನೋಡಿ, ಹೆಂಗಸರ ಕೈಲಿ ಇದೆಲ್ಲ ಆಗೋ ಕೆಲಸ ಅಲ್ಲ ಎಂದು ಹೇಳಿ ಖಾಲಿ ಗಾಡಿಯಲ್ಲೇ ಹೋದರು.

ಗೊಬ್ಬರ ಸಾಲದೇನೋ ಎಂದು ಒಬ್ಬಳು, ರೋಗವೇನೋ ಎಂದು ಇನ್ನೊಬ್ಬಳು. ಎರಡಕ್ಕೂ ಮದ್ದು ಹಾಕಿದ್ದಾಯಿತು, ಹಳದಿ ಹೋಗಲಿಲ್ಲ. ನಾಗಲಕ್ಷ್ಮಿ ನೀರಿನ ಮೇಲೆ ಅನುಮಾನಪಟ್ಟಳು. ನೀರು ಕ್ಷಾರವಾದರೆ, ಮಣ್ಣಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ಹೀರಿಕೊಳ್ಳಲು ಆಗುವುದಿಲ್ಲ ಎಂದು ಮೇಡಂ ಹೇಳಿದ್ದು ಅವಳ ನೆನಪಿನಲ್ಲಿತ್ತು. ಕ್ಷಾರಕ್ಕೆ ಬಣ್ಣ ತಿರುಗುವ ಲ್ಯಾಬಿನ ಕಾಗದವನ್ನು ನೀರಿಗೆ ಅದ್ದಿ ನೋಡಿದಳು. ಅದು ಹಸಿರೋ ನೀಲಿಯೋ ಎಂದು ಎಂಟು ಜನ ಎಂಟು ಥರ ಹೇಳಿದರು. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಅಂಕಿಯಲ್ಲೇ ತೋರಿಸುವ ಪಿಎಚ್ ಮೀಟರು ಬೇಕು ಎಂದಳು.

"ನಾನೇ ಕುಡ್ದು ನೋಡಿವ್ನಿ, ನೀರು ಚೆಂದಾಗೇ ಅದೆ ಕಣವ್ವ. ಅದ್ಕೂ ಒಂದ್ ಮಿಸಿನ್ ಬೇಕಾ?" ಎಂದರು ಸಣ್ಣಕ್ಕ. ಆದರೂ ಸೊಸೆ ಸುಮ್ಮನೆ ಹೇಳುವವಳಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮಾರನೆಯ ದಿನ ಇಬ್ಬರೂ ಹಾಸನದ ಬಸ್ಸು ಹತ್ತಿದರು. ನಾಗಲಕ್ಷ್ಮಿಯ ಚೀಲದಲ್ಲಿ ಸ್ವರ್ಣಲತಾ ಮೇಡಂ ಮನೆಯಿಂದ ಕೇಳಿ ತಂದ ಮೂರು ಪುಟ್ಟ ಬಾಟಲಿಗಳಿದ್ದವು. ಒಂದರ ಪಿಎಚ್ ನಾಲ್ಕು, ಒಂದರದ್ದು ಏಳು, ಒಂದರದ್ದು ಒಂಬತ್ತು ಪಾಯಿಂಟ್ ಎರಡು. ಮೀಟರು ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ನೋಡುವುದಕ್ಕೆ ಇರುವ ದ್ರಾವಣಗಳು ಅವು.

ಹಾಸನದ ಲ್ಯಾಬ್ ಸಾಮಾನಿನ ಅಂಗಡಿಯ ಮಾಲೀಕ ನಂಜುಂಡೇಶ್ ಪೆನ್ನಿನಂಥ ಒಂದು ಮೀಟರನ್ನು ಮುಂದಿಟ್ಟು, ಗಿಡಕ್ಕೆ ಇದು ಧಾರಾಳವಾಯಿತು, ಎಲ್ಲರೂ ಇದನ್ನೇ ಒಯ್ಯುವುದು ಎಂದರು. ಪರೀಕ್ಷೆ ಮಾಡಿ ನೋಡಬಹುದೇ ಎಂದು ನಾಗಲಕ್ಷ್ಮಿ ಕೇಳಿದಳು. ನೀರಲ್ಲಿ ಅದ್ದಿ ನೋಡಿ ಎಂದು ಅವರು ಲೋಟ ತೋರಿಸಿದರು. ಅವಳು ತನ್ನ ಬಾಟಲಿಗಳನ್ನು ಸಾಲಾಗಿ ಇಟ್ಟಳು. ನಂಜುಂಡೇಶ್ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು.

ಪೆನ್ನಿನ ಮೀಟರು ಏಳಕ್ಕೆ ಏಳೇ ತೋರಿಸಿತು. ನಾಲ್ಕರಲ್ಲಿ ಅದ್ದಿದರೆ ನಾಲ್ಕೂವರೆ ದಾಟಿತು. ತೊಳೆದು ಮತ್ತೆ ಅದ್ದಿದಾಗ ಬೇರೆಯೇ ಅಂಕಿ ಬಂತು. ಅವಳು ಅದನ್ನು ಪಕ್ಕಕ್ಕಿಟ್ಟಳು. ಆಗ ಅವರು ಗಾಜಿನ ಬೀರುವಿನಿಂದ ಎಲ್ಲಕ್ಕಿಂತ ದುಬಾರಿಯದನ್ನು ತೆಗೆದರು. ಅದರ ಅಂಕಿ ಐದು ನಿಮಿಷವಾದರೂ ಒಂದು ಕಡೆ ನಿಲ್ಲಲಿಲ್ಲ. ನೀರಿಗೆ ಅದ್ದುವ ಕಡ್ಡಿಯಂಥ ಪ್ರೋಬಿಗೆ ಹಾಕಿದ್ದ ಮುಚ್ಚಳವನ್ನು ನಾಗಲಕ್ಷ್ಮಿ ತಿರುಗಿಸಿ ನೋಡಿದಳು. ಅದರೊಳಗೆ ಒಂದು ಹನಿಯೂ ಇರಲಿಲ್ಲ, ಪ್ರೋಬಿನ ತುದಿಯ ಗಾಜಿನ ಗುಳ್ಳೆ ಎಷ್ಟೋ ದಿನ ಒಣಗಿ ಬೆಳ್ಳಗೆ ಮಾಸಿತ್ತು.

"ಇದು ತುಂಬಾ ದಿನದಿಂದ ಇಲ್ಲೇ ಇದೆ ಅಲ್ವಾ ಸಾರ್? ಈ ತುದಿ ಒಣಗ್ಬಾರ್ದು. ಇದಕ್ಕೆ ಹಾಕೋ ನೀರೇ ಬೇರೆ ಬರುತ್ತೆ, ಅದ್ರಲ್ಲೇ ನೆನ್ದಿರ್ಬೇಕು," ಎಂದಳು.

ನಂಜುಂಡೇಶ್ ಅದನ್ನು ಬೀರುವಿಗೆ ವಾಪಸ್ ಇಟ್ಟರು. ಒಳಗೆ ಹೋಗಿ ಹೊಸದಾಗಿ ಬಂದಿದ್ದ ಇನ್ನೊಂದು ಮೀಟರಿನ ಡಬ್ಬ ತಂದು ತಾವೇ ಬಿಚ್ಚಿಕೊಟ್ಟರು. ನೋಟಕ್ಕೇನೂ ಚೆಂದವಿರಲಿಲ್ಲ. ಆದರೆ ಪ್ರೋಬ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದಿತ್ತು. ಬಿಸಿಲಿಗೆ ನೀರು ಕಾದಿದ್ದರೆ ಆ ಶಾಖಕ್ಕೆ ತಕ್ಕಂತೆ ತಾನೇ ಸರಿಹೊಂದಿಸಿಕೊಳ್ಳುತ್ತಿತ್ತು. ಏಳರ ಬಾಟಲಿಯಲ್ಲಿ ಏಳು, ನಾಲ್ಕರದ್ದರಲ್ಲಿ ನಾಲ್ಕು ತೋರಿಸುವಂತೆ ಹೊಂದಿಸಿ, ಮೂರನೆಯ ಬಾಟಲಿಗೆ ಅದ್ದಿದಳು. ಅರೆನಿಮಿಷದಲ್ಲಿ ಒಂಬತ್ತು ಪಾಯಿಂಟ್ ಎರಡಕ್ಕೆ ಬಂದು ನಿಂತಿತು. ಮೂರು ಸಲ ತೊಳೆದು ಮೂರು ಸಲ ಅದ್ದಿದಳು. ಮೂರು ಸಲವೂ ಅದೇ.

"ಇದನ್ನ ಕೊಡಿ ಸಾರ್."

ಯಾವ ಕಾಲೇಜಿನಲ್ಲಿ ಪಾಠ ಮಾಡುತ್ತೀರಿ ಮೇಡಂ ಎಂದು ನಂಜುಂಡೇಶ್ ಕೇಳಿದರು. ನಾಗಲಕ್ಷ್ಮಿ ಬಾಯಿ ತೆರೆಯುವ ಮುಂಚೆ ಸಣ್ಣಕ್ಕ ಹೇಳಿದರು: "ಪಾಠ ಮಾಡಕಿಲ್ಲ ಸಾ. ಲ್ಯಾಬಲ್ಲಿ ಗ್ಲಾಸ್ ತೊಳೀತಿದ್ಲು. ನನ್ ಸೊಸೆ." ಹಾಗೆ ಹೇಳುವಾಗ ಅವರು ಬೆನ್ನು ನೆಟ್ಟಗೆ ಮಾಡಿಕೊಂಡಿದ್ದರು. ನಾಗಲಕ್ಷ್ಮಿ ಆ ಒಂಬತ್ತು ವರ್ಷದ ಕೆಲಸವನ್ನು ಯಾರ ಮುಂದೆಯೂ ಅಷ್ಟು ಜೋರಾಗಿ ಹೇಳಿಕೊಂಡವಳಲ್ಲ. ಅವಳು ಬಾಟಲಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

ಊರಿಗೆ ಬಂದು ಅದ್ದಿ ನೋಡಿದಾಗ ಬೋರ್ ನೀರು ಎಂಟು ಪಾಯಿಂಟ್ ನಾಲ್ಕು ತೋರಿಸಿತು. ಡ್ರಮ್ಮಿಗೆ ಕ್ಷಾರ ತಗ್ಗಿಸುವ ನಿಂಬೆ ಉಪ್ಪನ್ನು ಅಷ್ಟಷ್ಟೇ ಕರಗಿಸಿ, ಅಳೆದು, ಮತ್ತೆ ಕರಗಿಸಿ, ಆರರ ಹತ್ತಿರಕ್ಕೆ ಇಳಿಸಿ ಸಸಿಗೆ ಬಿಟ್ಟರು. ಹನ್ನೆರಡನೆಯ ದಿನ ಬಂದ ಹೊಸ ಚಿಗುರು ಹಸಿರಾಗಿತ್ತು. ಹಳದಿಯಾದದ್ದರಲ್ಲಿ ಕಾಲು ಭಾಗ ಕೈಬಿಟ್ಟುಹೋಯಿತು, ಉಳಿದದ್ದು ಚೇತರಿಸಿಕೊಂಡಿತು. ಆ ಹಂಗಾಮಿನಲ್ಲಿ ಚನ್ನರಾಯಪಟ್ಟಣದ ಕಡೆಯವರೂ ಸಸಿ ಕೇಳಿ ಬಂದರು.

ವಾರಕ್ಕೊಮ್ಮೆ ಮೀಟರನ್ನು ಹೊಂದಿಸುವ ಕೆಲಸವನ್ನು ನಾಗಲಕ್ಷ್ಮಿ ಅತ್ತೆಗೆ ಕಲಿಸಿದಳು. ಸಣ್ಣಕ್ಕನಿಗೆ ಅಕ್ಷರ ಬಾರದು, ಫೋನು ಒತ್ತಿ ಒತ್ತಿ ಅಂಕಿ ಮಾತ್ರ ಬರುತ್ತಿತ್ತು. ಬಾಟಲಿಗಳಿಗೆ ಕೆಂಪು, ಹಸಿರು, ನೀಲಿ ದಾರ ಕಟ್ಟಿಕೊಂಡು ಎರಡೇ ವಾರದಲ್ಲಿ ಅವರು ಕಲಿತರು.

ಒಂದು ಸೋಮವಾರ ನಾಗಲಕ್ಷ್ಮಿ ಸಸಿ ತಲುಪಿಸಿ ಬಂದಾಗ ನರ್ಸರಿಯ ಬಾಗಿಲಲ್ಲಿ ರಂಗಯ್ಯ ಬಾಟಲಿಯಲ್ಲಿ ತಮ್ಮ ಶುಂಠಿ ಹೊಲದ ನೀರು ಹಿಡಿದು ನಿಂತಿದ್ದರು. ಮೇಲಿನ ಬೀದಿಯವರು ಕಾಲೋನಿಯವರೆಗೆ ಬಂದು ಕಾದು ನಿಲ್ಲುವುದು ಅಪರೂಪ. ಬೇಗ ನೋಡಿ ಹೇಳಿ ಎಂದು ಅವರು ಅವಸರ ಮಾಡುತ್ತಿದ್ದರು. ಸಣ್ಣಕ್ಕ ತಲೆ ಎತ್ತದೆ ಪ್ರೋಬ್ ತೊಳೆಯುತ್ತಿದ್ದರು.

"ಇರಿ ಗೌಡ್ರೆ. ಮೊದ್ಲು ಇದು ಏಳಕ್ಕೆ ಏಳು ಅನ್ಲಿ. ಆಮ್ಯಾಕೆ ನಿಮ್ ನೀರು."

ರಂಗಯ್ಯ ಬೆಂಚಿನ ಮೇಲೆ ಕೂತರು. ನಾಗಲಕ್ಷ್ಮಿ ಒಳಗೆ ಹೋಗದೆ, ಅತ್ತೆಯ ಕೈಯನ್ನೇ ನೋಡುತ್ತಾ ಅಲ್ಲೇ ನಿಂತಳು.