ಬೋಣಿಯ ಲಾಟ್

ನರಗುಂದದ ಬಸ್ಸು ಗಜೇಂದ್ರಗಡದ ನಿಲ್ದಾಣ ಬಿಡುವ ಮೊದಲೇ ಭೀಮೇಶ ಮೊಬೈಲಿನಲ್ಲೇ ಷೇರುಪೇಟೆಯ ನಿಫ್ಟಿಯ ಒಂದು ಲಾಟ್, ಒಂದು ಕಟ್ಟು, ಕೊಂಡುಬಿಟ್ಟಿದ್ದ. ನರಗುಂದದ ತನ್ನ ಅಕ್ಕನ ಮನೆಗೆ ಹೊರಟು ಕಿಟಕಿಯ ಪಕ್ಕ ಕುಳಿತಿದ್ದ ಹೆಂಡತಿ ರಾಜೇಶ್ವರಿ ಅವನ ಮೊಬೈಲಿಗೆ ಕತ್ತು ಚಾಚಿದಳು.

"ಯಾವ ಚಾರ್ಟ್ ನೋಡಿ ತಗೊಂಡ್ರಿ?"

"ಐದ್ ನಿಮಿಷದ್ದು."

"ಎಲ್ಲಿಗೆ ಬಂದ್ರ ಬಿಡ್ತೀರಿ?"

ಅವನು ಪರದೆಯ ಮೇಲೆ ಎಳೆದಿದ್ದ ಕೆಂಪು ಗೆರೆ ತೋರಿಸಿದ. "ಇದರ ಕೆಳಗ ಇಳಿದ್ರ ಮಾರಿ ಹೊರಗ."

"ನೆನಪಿರ್ಲಿ."

ನೆನಪಿಲ್ಲದೆ ಏನು? ಟ್ರೇಡಿಂಗ್ ಖಾತೆ ಅವಳ ಹೆಸರಿನಲ್ಲಿತ್ತು, ವಿದ್ಯೆಯೂ ಮೊದಲು ಅವಳದೇ. ದಿನದ ಚಾರ್ಟ್ ನೋಡಿ ಮಾರುಕಟ್ಟೆ ಯಾವ ದಿಕ್ಕಿಗೆ ಹೊರಟಿದೆ ಎಂದು ತಿಳಿಯಬೇಕು, ತಾಸಿನ ಚಾರ್ಟಿನಲ್ಲಿ ಅದು ಎಲ್ಲಿ ತಡೆದು ನಿಲ್ಲುತ್ತದೆ ಎಂದು ನೋಡಬೇಕು, ಆಮೇಲೆ ಐದು ನಿಮಿಷದ್ದಕ್ಕೆ ಇಳಿದು ಕೊಳ್ಳಬೇಕು. ಯಾವ ಚಾರ್ಟ್ ನಂಬಿ ಕೊಂಡೆವೋ ಸೋಲನ್ನೂ ಅದರಲ್ಲೇ ಒಪ್ಪಬೇಕು. ಈ ಕೊನೆಯ ಮಾತನ್ನು ಭೀಮೇಶ ಹಲವು ಸಲ ಮುರಿದಿದ್ದ. ಇನ್ನೊಮ್ಮೆ ಮುರಿದರೆ ಪಾಸ್‌ವರ್ಡ್ ಬದಲಿಸುತ್ತೇನೆ, ನೀವು ನಿಮ್ಮಪ್ಪನವರ ಸೀರೆ ಅಂಗಡಿಗೆ ಹೋಗಿ ಕೂತುಕೊಳ್ಳಿ ಎಂದು ಅವಳು ಹೇಳಿಯಾಗಿತ್ತು. ಅಂಗಡಿ ಎಂದರೆ ಅವನಿಗೆ ಮೈ ಉರಿಯುತ್ತಿತ್ತು. ಇಷ್ಟು ದೊಡ್ಡವನಾದರೂ ಸೀರೆ ಮಡಚಲು ಬರುವುದಿಲ್ಲವೆಂದು ಅಪ್ಪ ಗಿರಾಕಿಗಳ ಎದುರೇ ಬೈಯುತ್ತಿದ್ದ.

ಸೂಡಿ ಊರು ಬರುವಷ್ಟರಲ್ಲಿ ನಿಫ್ಟಿ ಕೆಂಪು ಗೆರೆ ದಾಟಿ ಕೆಳಗಿಳಿಯಿತು.

ಭೀಮೇಶನ ಹೆಬ್ಬೆರಳು ಮಾರುವ ಗುಂಡಿಯವರೆಗೆ ಹೋಗಿ ಹಿಂದೆ ಬಂತು. ಇದು ದಿನದ ಮೊದಲ ವ್ಯವಹಾರ. ಅವರ ಅಂಗಡಿಯಲ್ಲಿ ಬೋಣಿಯ ಸೀರೆ, ಬೆಳಗ್ಗೆ ಮೊದಲು ಮಾರಿದ್ದು, ಏನೇ ಆದರೂ ಅಂದು ವಾಪಸು ಬರುವಂತಿಲ್ಲ. ಅಂಚು ಹರಿದಿದೆ ಎಂದು ಹೆಂಗಸರು ಬಾಗಿಲಲ್ಲಿ ನಿಂತು ಜಗಳ ತೆಗೆದರೂ ಅಪ್ಪ "ನಾಳಿ ಬರ್ರಿ ಯವ್ವಾ, ಬ್ಯಾರೇದ ಕೊಡ್ತೀನಿ" ಎಂದು ಕೈಮುಗಿದು ಕಳಿಸುತ್ತಿದ್ದ. ಭೀಮೇಶ ಅಂಗಡಿ ಬಿಟ್ಟಿದ್ದ, ಅಂಗಡಿ ಅವನ ಕೈ ಬಿಟ್ಟಿರಲಿಲ್ಲ. ಎರಡನೆಯ, ಮೂರನೆಯ ವ್ಯವಹಾರದಲ್ಲಿ ನಷ್ಟವಾದರೆ ತಟ್ಟನೆ ಮಾರುತ್ತಿದ್ದ. ಮೊದಲನೆಯದನ್ನು ಮಾತ್ರ ನಷ್ಟಕ್ಕೆ ಬಿಡಲು ಆಗುತ್ತಿರಲಿಲ್ಲ.

ಅವನು ತಾಸಿನ ಚಾರ್ಟ್ ತೆರೆದ. ಐದು ನಿಮಿಷದ್ದರಲ್ಲಿ ಹಳ್ಳದಂತೆ ಕಂಡ ಕುಸಿತ ಇಲ್ಲಿ ಒಂದು ಕ್ಯಾಂಡಲಿನ, ಒಂದು ತಾಸಿನ ಬೆಲೆ ತೋರಿಸುವ ಪಟ್ಟಿಯ, ಸಣ್ಣ ಬಾಲವಾಗಿತ್ತು. ಉಸಿರು ಹಗುರಾಯಿತು.

"ಅಕ್ಕಾರದು ಫ್ರೀ ಐತಿ, ನೀವು ರೊಕ್ಕ ತಗೀರಿ," ಎಂದು ಕಂಡಕ್ಟರ್ ಮೇಲೆ ಬಂದು ನಿಂತ. "ಸರ, ಮೊಬೈಲ್ ಎಲ್ಲೂ ಓಡಿ ಹೋಗಂಗಿಲ್ರಿ!"

ರೋಣದಲ್ಲಿ ಬಸ್ಸು ನಿಂತಿತು. ಚಹಾಕ್ಕೆಂದು ಜನ ಇಳಿದರು, ರಾಜೇಶ್ವರಿ ಇಳಿಯಲಿಲ್ಲ. ತನ್ನ ಮೊಬೈಲಿನಲ್ಲಿ ಅದೇ ಚಾರ್ಟ್ ತೆರೆದು ಅವನ ಮುಂದೆ ಹಿಡಿದಳು.

"ಗೆರಿ ಎಲ್ಲೈತಿ, ನಿಫ್ಟಿ ಎಲ್ಲೈತಿ?"

"ತಾಸಿನ ಚಾರ್ಟಿನ್ಯಾಗ ಇನ್ನೂ ಗಟ್ಟಿ ಐತಿ."

"ನಾ ತಾಸಿಂದು ಕೇಳಲಿಲ್ಲ."

"ಬೋಣಿ ಐತಿ, ರಾಜಿ."

"ಅದೇನ್ ನಿಮ್ಮಪ್ಪಾರ ಗಿರಾಕಿ ಏನ್ರಿ, ಕೈಮುಗದ್ರ ನಾಳಿ ಬರಾಕ? ಈಗರೆ ಮಾರ್ರಿ. ಸಣ್ಣ ಪೆಟ್ಟಿನ್ಯಾಗ ಹೋಗ್ತೈತಿ."

"ನರಗುಂದ ತನಕ ತಡಿ."

ಅವಳು ತನ್ನ ಮೊಬೈಲು ಚೀಲಕ್ಕೆ ಹಾಕಿ ಕಿಟಕಿಯ ಕಡೆ ತಿರುಗಿದಳು. ಬೈದಿದ್ದರೆ ಚಲೋ ಇತ್ತು ಎನಿಸಿತು ಅವನಿಗೆ.

ರೋಣ ದಾಟಿದ ಮೇಲೆ ನಿಫ್ಟಿ ಇನ್ನಷ್ಟು ಜಾರಿತು. ತಾಸಿನ ಚಾರ್ಟೂ ಕೈಕೊಟ್ಟಿತು. ಅವನು ದಿನದ್ದನ್ನು ತೆರೆದ, ಅದರಲ್ಲೂ ನೆಮ್ಮದಿ ಸಿಗದೆ ವಾರದ್ದನ್ನು ತೆರೆದ. ವಾರದ ಚಾರ್ಟಿನಲ್ಲಿ ಇವತ್ತಿನ ಬೆಳಗಿನ ಕುಸಿತ ಕಾಣುತ್ತಲೇ ಇರಲಿಲ್ಲ. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಎರಡೂ ಬದಿ ಕಪ್ಪು ಹೊಲ, ಪರದೆಯ ಮೇಲೆ ಸುತ್ತುವ ಚಕ್ರ. ಎದ್ದು ಬಾಗಿಲಿಗೆ ಹೋಗಿ ಮೊಬೈಲನ್ನು ಹೊರಗೆ ಚಾಚಿದ. ಕಂಡಕ್ಟರ್ ಒದರಿದ ಮೇಲೆ ಒಳಗೆ ಬಂದು ಕೂತ. ಮತ್ತೆ ಎದ್ದ.

ನರಗುಂದದ ಗುಡ್ಡ ಕಂಡಾಗ ಸಿಗ್ನಲ್ ಬಂತು. ನಿಫ್ಟಿ ತಿರುಗಿತ್ತು. ಕೆಂಪು ಗೆರೆಯನ್ನು ಕೆಳಗಿನಿಂದ ದಾಟಿ, ಅವನು ಕೊಂಡ ಬೆಲೆಯನ್ನೂ ದಾಟಿ ಏರುತ್ತಿತ್ತು. ಕಣ್ಣು ಮುಚ್ಚಿ ಮಾರಿದ.

"ಲಾಭ!" ಬಸ್ಸಿನಿಂದ ಇಳಿಯುತ್ತಲೇ ಪರದೆಯನ್ನು ಅವಳ ಮುಖಕ್ಕೆ ಹಿಡಿದ. "ನೋಡೇ! ಸುಮ್ನ ಹೆದರ್ಸಾಕತ್ತಿದ್ದಿ."

ರಾಜೇಶ್ವರಿ ನೋಡಿದಳು. ನಿಲ್ದಾಣದ ಕಂಬಕ್ಕೆ ಒರಗಿ ತನ್ನ ಮೊಬೈಲು ತೆಗೆದು ಏನೋ ಒತ್ತತೊಡಗಿದಳು.

"ಏನ್ ಮಾಡಾಕತ್ತಿ?"

"ಪಾಸ್‌ವರ್ಡ್ ಬದಲ್ ಮಾಡಾಕತ್ತೀನಿ."

"ಗೆದ್ದೀನಲ್ಲ!"

"ಅದಕ್ಕ ರೀ. ಸೋತಿದ್ರ ಇನ್ನೊಂದ ಸಲ ನೋಡ್ತಿದ್ದೆ, ಅಂಜಿಕಿ ಇರ್ತಿತ್ತು ನಿಮಗ. ಗೆರಿ ಮುರದೂ ಲಾಭ ತಗೊಂಡೀರಿ. ಇನ್ನ ನಿಮ್ಮನ್ನ ಹಿಡಿಯೋದು ನನ್ನ ಕೈಲಿ ಆಗಂಗಿಲ್ಲ. ನಾಳಿಂದ ಅಂಗಡಿಗೆ ನಡೀರಿ."

ಭೀಮೇಶನ ಕಣ್ಣು ಪರದೆಯ ಮೇಲಿತ್ತು. ನಿಫ್ಟಿ ಇನ್ನೂ ಏರುತ್ತಿತ್ತು, ಲಗೂ ಮಾರಿಬಿಟ್ಟೆನಲ್ಲ ಎಂದುಕೊಂಡ. ವಾರದ ಚಾರ್ಟ್ ನಂಬಿ ಸುಮ್ಮನೆ ಕೂತಿದ್ದರೆ? ಅಷ್ಟರಲ್ಲಿ ಪರದೆ ಬೆಳ್ಳಗಾಗಿ ಪಾಸ್‌ವರ್ಡ್ ಕೇಳಿತು.

ಅವಳು ಅಕ್ಕನ ಮನೆಯ ಕಡೆಗೆ ಹೆಜ್ಜೆ ಹಾಕಿದಳು. ಭೀಮೇಶ ಜನರ ನಡುವೆ ನಿಂತು ಹಳೆಯ ಪಾಸ್‌ವರ್ಡ್ ಒತ್ತಿದ. ತಪ್ಪು ಎಂದಿತು. ಮತ್ತೊಮ್ಮೆ ಒತ್ತಿದ.