ದಂಡದ ಚಪಾತಿ

ನಂದುದು ಮೆಟ್ಟಿಲು ಹತ್ತಿ ಬಂದಾಗ ಅವಳ ಕೈಯಲ್ಲಿ ಬುಟ್ಟಿ ತುಂಬ ಬಿಸಿ ಮೊಟ್ಟೆ ಚಪಾತಿ ಇತ್ತು. ಅದನ್ನು ಕಂಡು ಕೋಣೆಯಲ್ಲಿದ್ದವರೆಲ್ಲ ಕೇಕೆ ಹಾಕಿದರು.

"ಅಕ್ಕ, ಇನ್ನೂ ಬಾಯೇ ಬಿಟ್ಟಿಲ್ಲ, ಆಗ್ಲೇ ದಂಡ ತಂದ್ಬಿಟ್ರಾ?" ಎಂದ ಗಿಡುಡು. ಆ ಗುಂಪಿನಲ್ಲಿ ಗೇಲಿ ಮಾಡುವ ಗುತ್ತಿಗೆ ಅವನದು.

"ಮೊದ್ಲು ದಂಡ ಕಟ್ಬಿಡ್ತೀನಪ್ಪ. ಆಮೇಲಾದ್ರೂ ನಗದೆ ಉತ್ರ ಹೇಳ್ತೀರೇನೋ."

ಎಂಬಾಲೆ ಊರಿನ ಪೇಟೆಯ ಕಬ್ಬಿಣದಂಗಡಿಯ ಮೇಲಿನ ಆ ಕೋಣೆಯಲ್ಲಿ ಶನಿವಾರ ಶನಿವಾರ ಕಂಪ್ಯೂಟರು ನಡೆಸುವ ಲಿನಕ್ಸ್ ಕಲಿಯುವವರು ಸೇರುತ್ತಾರೆ. ಹೇಳಿಕೊಡುವವನು ವಮಿಂಬಿ, ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಯಾರಿಂದಲೂ ಬಿಡಿಗಾಸು ಮುಟ್ಟುವುದಿಲ್ಲ, ಆದರೆ ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಒಮ್ಮೆ ಬಂದ ಪ್ರಶ್ನೆಯನ್ನೇ ಮತ್ತೆ ಕೇಳಿದವರು ಎಲ್ಲರಿಗೂ ಮೊಟ್ಟೆ ಚಪಾತಿ ಕೊಡಿಸಬೇಕೆಂಬ ಕಟ್ಟಳೆ ಅವನದೇ. ಗುಂಪಿನ ಹಳೆಯ ಮಾತುಕತೆಯೆಲ್ಲ ಫೋನಿನಲ್ಲೇ ಇದೆ, ಹುಡುಕಿ ಓದಿಕೊಂಡು ಬರಲಿ ಎನ್ನುವುದು ಅವನ ವಾದ. ಲಿನಕ್ಸಿನವರು ಎಲ್ಲ ಊರಲ್ಲೂ ಹೀಗೇ ಇರಬೇಕು. ಸೊಸೆಯಾಗಿದ್ದಾಗ ಅತ್ತವರೇ ಅತ್ತೆಯಾದ ಮೇಲೆ ಅಳಿಸುವ ಜನ. ತಮಾಷೆಗೆ ಶುರುವಾದ ಕಟ್ಟಳೆ ಅದು, ನಿಜ. ಆದರೆ ಚಪಾತಿ ತಿನ್ನುವವರಿಗಷ್ಟೇ ಅದು ತಮಾಷೆಯಾಗಿತ್ತು.

ನಂದುದು ಶಿಶುವಿಹಾರದ ಟೀಚರು. ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಬಟ್ಟೆಯಲ್ಲಿ ಸುತ್ತಿ ತಂದ ಎರಡು ಡಿಸ್ಕುಗಳನ್ನು ವಮಿಂಬಿಯ ಮುಂದೆ ಬಿಚ್ಚಿಟ್ಟಳು.

"ಗುರುಗಳೇ, ಅಳಿಸಿಹೋಗಿದ್ದು ವಾಪಸ್ ಬರುತ್ತಾ?"

"ಏನು ಅಳಿಸಿದೆ?"

"ಅಪ್ಪನ ಹಾಡು."

ನಗು ನಿಂತಿತು. ಅವಳ ಅಪ್ಪ ಲಿಟುಂಗು ಎಂಬ ತಂತಿವಾದ್ಯ ಮೀಟುತ್ತ ಹಾಡುತ್ತಿದ್ದುದನ್ನು ಆ ಭಾಗದಲ್ಲಿ ಕೇಳದವರಿಲ್ಲ. ಮಳೆಗಾಲಕ್ಕೆ ಮುಂಚೆ ತೀರಿಕೊಂಡಿದ್ದ. ಅವನ ಕೊನೆಯ ವರ್ಷ ಮಗಳು ಒಂದೊಂದೇ ಹಾಡು ರೆಕಾರ್ಡ್ ಮಾಡಿ ಕೂಡಿಸಿಟ್ಟಿದ್ದು ಆ ಎರಡರಲ್ಲಿ ಹಳೆಯ ಡಿಸ್ಕಿನಲ್ಲಿ. ಅದಕ್ಕೆ ಇನ್ನೊಂದು ಪ್ರತಿ ಇರಲಿಲ್ಲ.

ಆದದ್ದಿಷ್ಟು. ಮಕ್ಕಳ ಆಟಪಾಠದ ವಿಡಿಯೋ ತುಂಬಿ ಅವಳ ಕಂಪ್ಯೂಟರು ಜಾಗವಿಲ್ಲ ಎಂದಿತ್ತು. ಹೊಸ ಡಿಸ್ಕು ತಂದು ಅದನ್ನು ಅಳಿಸಿ ಸಿದ್ಧಮಾಡಿಕೊ, ವಿಡಿಯೋಗಳನ್ನೆಲ್ಲ ಅದಕ್ಕೆ ಸಾಗಿಸು ಎಂದು ವಮಿಂಬಿ ಫೋನಿನಲ್ಲಿ ಹೇಳಿದ್ದ. ಅವಳು ಎರಡೂ ಡಿಸ್ಕುಗಳನ್ನು ಚುಚ್ಚಿ ಪರದೆಯಲ್ಲಿ ಕಂಡದ್ದನ್ನು ಓದಿ ಹೇಳಿದಳು. ಅದರಲ್ಲಿ ಹೊಸದರ ಹೆಸರು ಎಸ್‌ಡಿಸಿ ಎಂದು ಅವನು ತಿಳಿಸಿದ. "ಅಳಿಸೋ ಮುಂಚೆ ಅದು ಏನೋ ಕೇಳುತ್ತೆ, ಹೂಂ ಅಂತ ಒತ್ತು. ಎಲ್ಲರನ್ನೂ ಕೇಳುತ್ತೆ" ಎಂದು ಹೇಳಿ ಫೋನಿಟ್ಟಿದ್ದ. ಅವಳು ಅಳಿಸುವ ಆಜ್ಞೆ ಬರೆಯುವಷ್ಟರಲ್ಲಿ ಕರೆಂಟು ಹೋಯಿತು.

"ಮತ್ತೆ ಬಂತು. ಮತ್ತೆ ಶುರು ಮಾಡ್ದೆ," ಎಂದಳು ನಂದುದು. "ಕರೆಂಟು ಹೋಗಿ ಬಂದ್ರೂ ಡಿಸ್ಕಿಗೆ ಅದೇ ಹೆಸ್ರು ಇರುತ್ತಾ ಅಂತ ಅನುಮಾನ ಬಂತು."

ಬರಬೇಕಾದ ಅನುಮಾನವೇ. ಮನುಷ್ಯರ ಹೆಸರಿನ ಹಾಗಲ್ಲ ಅದು. ಯಂತ್ರ ಎದ್ದಾಗ ಯಾವ ಡಿಸ್ಕು ಮೊದಲು ಕಣ್ಣಿಗೆ ಬಿತ್ತೋ ಅದಕ್ಕೆ ಮೊದಲ ಹೆಸರು. ಅದಲುಬದಲಾಗುವುದು ಉಂಟು.

"ಕೇಳ್ಬಾರ್ದಿತ್ತಾ ತಾಯಿ?" ಎಂದ ವಮಿಂಬಿ. ದನಿ ಆಗಲೇ ಇಳಿದಿತ್ತು.

"ದಂಡ ಬೀಳುತ್ತೇನೋ ಅಂತ ಮೊದ್ಲು ಹುಡುಕ್ದೆ. ಇದೇ ಪ್ರಶ್ನೆ ನಮ್ಮ ಗುಂಪಿನ ಲಾರಿ ಡ್ರೈವರಣ್ಣ ಯಾವಾಗ್ಲೋ ಕೇಳಿದ್ರು. ಸಿಕ್ತು."

"ಅದರ ಕೆಳಗೆ ಉತ್ರ ಇರ್ಬೇಕಲ್ಲ?"

"ನೀವೇ ನೋಡಿ."

ವಮಿಂಬಿ ಫೋನು ಇಸಿದುಕೊಂಡು ನೋಡಿದ. ಪ್ರಶ್ನೆಯ ಕೆಳಗೆ ಸಾಲಾಗಿ ನಗುವ ಮುಖಗಳು. 'ಹಳೇ ಪ್ರಶ್ನೆ, ದಂಡ ಕಟ್ಟಣ್ಣ' ಎಂದು ಗಿಡುಡು. ಚಪಾತಿಯ ಚಿತ್ರ. 'ಓದಿಕೊಂಡು ಬಾ' ಎಂದು ಸ್ವತಃ ವಮಿಂಬಿಯದೇ ಒಂದು ಸಾಲು. ಉತ್ತರವನ್ನು ಯಾರೂ ಬರೆದಿರಲಿಲ್ಲ. ಅದಕ್ಕೂ ಹಿಂದೆ ಯಾವಾಗ ಬರೆದಿದ್ದರು, ಬರೆದಿದ್ದರೋ ಇಲ್ಲವೋ, ಅವನಿಗೇ ನೆನಪಾಗಲಿಲ್ಲ.

"ಕಂಪ್ಯೂಟರು ಮಾತ್ರ ಕೇಳ್ತು ಗುರುಗಳೇ. ಇದ್ರಲ್ಲಿ ಆಗ್ಲೇ ಏನೋ ಇದೆ, ಆದ್ರೂ ಅಳಿಸ್ಲಾ ಅಂತ. ಎಲ್ಲರನ್ನೂ ಕೇಳುತ್ತೆ ಅಂದಿದ್ರಲ್ಲ. ಹೂಂ ಅಂತ ಒತ್ತಿದೆ."

ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದಳು. ಅಳಿಸಿದ ಡಿಸ್ಕಿಗೆ ಮಕ್ಕಳ ವಿಡಿಯೋಗಳನ್ನು ಅಂಚಿನವರೆಗೆ ತುಂಬಿಯೂ ಇದ್ದಳು. ಆಮೇಲೆ ಅಪ್ಪನ ದನಿ ಕೇಳೋಣವೆಂದು ಇನ್ನೊಂದನ್ನು ತೆರೆದರೆ, ಅಂಗಡಿಯಿಂದ ತಂದ ಹಾಗೇ ಖಾಲಿ.

ವಮಿಂಬಿ ಮಧ್ಯಾಹ್ನವೆಲ್ಲ ಕೂತು ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಪ್ರಯೋಗಿಸಿದ. ಹಲಗೆಯ ಮೇಲೆ ಬರೀ ಒರೆಸಿದ್ದರೆ ಅಕ್ಷರದ ಗುರುತಾದರೂ ಸಿಗುತ್ತದೆ. ಅದರ ಮೇಲೇ ಮತ್ತೆ ಬರೆದರೆ ಏನು ಮಾಡುವುದು? ಸಿಕ್ಕಿದ್ದೆಲ್ಲ ಮಕ್ಕಳ ಕುಣಿತ, ಚಪ್ಪಾಳೆ. ಪ್ರತಿ ಸಲ ಶಬ್ದ ಹೊರಟಾಗಲೂ ನಂದುದು ಮುಂದೆ ಬಾಗುತ್ತಿದ್ದಳು, ಮತ್ತೆ ಹಿಂದಕ್ಕೆ ಒರಗುತ್ತಿದ್ದಳು. ಅದನ್ನು ನೋಡುವುದು ಬಹಳ ಕಷ್ಟವಾಗಿತ್ತು.

"ಬರಲ್ಲ," ಎಂದ ಕೊನೆಗೆ. "ತಪ್ಪು ನಂದು. ಇಷ್ಟು ಹೊತ್ತು ನಿನ್ನ ಪಕ್ಕ ಕೂತಿದ್ದೀನಲ್ಲ, ಆವತ್ತು ಫೋನಲ್ಲಿ ಇದರ ಕಾಲುಭಾಗ ಇದ್ದಿದ್ರೆ ಸಾಕಿತ್ತು."

ಗಿಡುಡು ತಲೆ ತಗ್ಗಿಸಿದ್ದ. ಚಪಾತಿಯನ್ನು ಯಾರೂ ಮುಟ್ಟಿರಲಿಲ್ಲ.

ನಂದುದು ಡಿಸ್ಕುಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿ, ನಡುವೆ ನಿಲ್ಲಿಸಿದಳು. "ಇನ್ನೊಂದು ಕೇಳ್ಲಾ?"

"ಕೇಳು. ಏನು ಬೇಕಾದ್ರೂ ಕೇಳು."

"ಮಿಕ್ಕ ಹಾಡೆಲ್ಲ ನಂಗೆ ಅಷ್ಟಿಷ್ಟು ಬರುತ್ತೆ. ನಮ್ಮಜ್ಜಿ ಹಾಡೊಂದು ಬರಲ್ಲ. ತುಂಬ ಹಳೇ ಮಾತು, ಆಮೇಲೆ ನಿಧಾನಕ್ಕೆ ಕಲಿಯೋಣ ಅಂತ ಬಿಟ್ಟಿದ್ದೆ. ನನ್ನ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದ ದಿನ ನೀವು ಇಯರ್‌ಫೋನು ಕಿವಿಗೆ ಹಾಕ್ಕೊಂಡು ಅದನ್ನೇ ಕೇಳಿದ್ರಿ, ಪೂರ್ತಿ. ನಾನು ಪಕ್ಕದಲ್ಲೇ ನಿಂತಿದ್ದೆ. ಹ್ಯಾಗೆ ಶುರುವಾಗುತ್ತೆ ಹೇಳಿ. ಮೊದಲ ಸಾಲು ಸಿಕ್ರೆ ಸಾಕು, ಮುಂದಿಂದು ಹೊಳೀಬಹುದು."

ವಮಿಂಬಿ ಕಣ್ಣು ಮುಚ್ಚಿದ. ಹಾಡು ಆ ದಿನ ಅವನ ಕಿವಿಯೊಳಗೆ ಮೊದಲಿಂದ ಕೊನೆಯವರೆಗೆ ಹಾದುಹೋಗಿತ್ತು. ಎರಡೂ ಕಿವಿಗೆ ಶಬ್ದ ಸಮನಾಗಿ ಬರುತ್ತಿದೆಯೇ ಎಂದು ಮಾತ್ರ ಅವನು ನೋಡಿದ್ದ.

ಅವಳು ಕಾದು ನಿಂತಿದ್ದಳು.

"ಧ್ವನಿ ಚೆನ್ನಾಗಿ ಬರ್ತಿತ್ತು," ಎಂದ.