ಮುಕ್ಕಳಿಸಿ ಉಗುಳು

ಆ ಮನೆಯಲ್ಲಿ ಬೆಳಗಾಗುತ್ತಿದ್ದುದು ತಾತನ ಕೆಮ್ಮಿನಿಂದ. ಕೆಮ್ಮು ಕೇಳಿದ ಎರಡು ನಿಮಿಷಕ್ಕೆ ಒಂಬತ್ತು ವರ್ಷದ ಮೊಮ್ಮಗಳು ಹಾಸಿಗೆ ಬಿಟ್ಟೆದ್ದು, ಒಂದು ಕಣ್ಣು ಮುಚ್ಚಿಕೊಂಡೇ ಬೂಟಿನ ಲೇಸು ಕಟ್ಟಲು ಕೂರುತ್ತಿದ್ದಳು. ಉದ್ದ ಕಾಲು, ಹಿಡಿಯಷ್ಟು ಮೈ, ನಿಂತಲ್ಲಿ ನಿಲ್ಲುವ ಜಾಯಮಾನವೇ ಅಲ್ಲ. ತಾತ ಅವಳನ್ನು ‘ಮಿಡತೆ’ ಎಂದು ಕರೆಯುತ್ತಿದ್ದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಅವಳಿಗೆ ಬೇರೆ ಹೆಸರಿರಲಿಲ್ಲ.

ಅವಳ ತಾಯಿ ಮನೆಯ ಮುಂದಿನ ಕೋಣೆಯಲ್ಲೇ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಳು. ತಂದೆ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಹೀಗಾಗಿ ಮಗುವನ್ನು ಎತ್ತಿ ಆಡಿಸಿದ್ದು, ನಡೆಯಲು ಕಲಿಸಿದ್ದು, ಕೊನೆಗೆ ಓಡಲು ಕಲಿಸಿದ್ದು ಎಲ್ಲವೂ ತಾತನೇ.

ಓಟ ತಾತನಿಗೆ ಹೊಸದಲ್ಲ. ನೂಲಿನ ಗಿರಣಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು ಅವರು. ಗಿರಣಿಯ ಪರವಾಗಿ ಓಡಿ ಗೆದ್ದ ಹನ್ನೊಂದು ಬಟ್ಟಲುಗಳು ಗಾಜಿನ ಕಪಾಟಿನಲ್ಲಿ ಸಾಲಾಗಿ ಕುಳಿತಿದ್ದವು. ನಿವೃತ್ತರಾದ ಮೇಲೆ ಪಕ್ಕದ ಪ್ರಾಥಮಿಕ ಶಾಲೆಯ ಹೆಡ್ಮಿಸ್ಸು ಬಂದು, ನಮಗೆ ಆಟದ ಮೇಷ್ಟ್ರು ಇಲ್ಲ, ಮಕ್ಕಳನ್ನು ನೀವು ಸ್ವಲ್ಪ ಓಡಿಸಿ ಎಂದು ಕೇಳಿಕೊಂಡರು. ಅಂದಿನಿಂದ ಅವರು ಊರಿನ ಮಕ್ಕಳಿಗೆಲ್ಲ ಓಟದ ತಾತ.

ಒಳ್ಳೆಯ ಗುರು ಎನ್ನುವುದರಲ್ಲಿ ಎರಡು ಮಾತಿಲ್ಲ. ಸೀಟಿ ಊದಿದಾಗ ಯಾವ ಕಾಲು ಮುಂದಿಡಬೇಕು, ಕೈ ಹೇಗೆ ಬೀಸಬೇಕು, ಪಕ್ಕದವನ ಕಡೆ ಕಣ್ಣು ಹೊರಳಿಸಿದರೆ ಎಷ್ಟು ಅಡಿ ಕಳೆದುಕೊಳ್ಳುತ್ತೀರಿ ಎನ್ನುವುದನ್ನೆಲ್ಲ ಕಥೆ ಹೇಳಿದಂತೆ ಹೇಳುತ್ತಿದ್ದರು. ಕೊನೆಯವನಾಗಿ ಬಂದ ಮಗುವಿನ ಬೆನ್ನು ತಟ್ಟಿ, ನಿನ್ನೆಗಿಂತ ಹತ್ತು ಹೆಜ್ಜೆ ಮುಂದೆ ಬಂದಿದ್ದೀಯ ಕಣೋ ಎನ್ನುತ್ತಿದ್ದರು. ಕಿತ್ತುಹೋದ ಬೂಟುಗಳನ್ನು ಮನೆಗೆ ತಂದು ದಬ್ಬಣದಲ್ಲಿ ತಾವೇ ಹೊಲಿಯುತ್ತಿದ್ದರು.

ಆದರೆ ಅವರ ಮೈದಾನಕ್ಕೆ ಒಂದು ಕಟ್ಟಳೆಯಿತ್ತು. ಓಡುವ ಮಕ್ಕಳು ನೀರು ಕುಡಿಯುವಂತಿಲ್ಲ. ಬಾಯಿ ಒಣಗಿದರೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗುಳಬೇಕು. ನುಂಗಿದರೆ ಹೊಟ್ಟೆ ಭಾರವಾಗುತ್ತದೆ, ಪಕ್ಕೆ ಹಿಡಿಯುತ್ತದೆ, ಉಸಿರು ಕೆಡುತ್ತದೆ. ಇದು ತಾತ ಹುಟ್ಟಿಸಿದ ಮಾತಲ್ಲ, ಗಿರಣಿಯ ಮೈದಾನದಲ್ಲಿ ಅವರ ಗುರು ಹೇಳಿದ್ದು, ಆ ಗುರುವಿಗೆ ಅವರ ಗುರು ಹೇಳಿದ್ದು. ಸುತ್ತಲಿನ ಎಲ್ಲ ಮೈದಾನಗಳಲ್ಲೂ ಅದೇ ನಡೆಯುತ್ತಿತ್ತು. ಬಾಯಾರಿಕೆ ತಡೆದವನೇ ಗಟ್ಟಿಗ ಎಂದು ತಂದೆತಾಯಂದಿರೂ ನಂಬಿದ್ದರು. ಮಕ್ಕಳು ಕದ್ದು ನುಂಗಿಬಿಡುತ್ತಾರೆಂದು ತಾತ ಒಂದು ಪ್ಲಾಸ್ಟಿಕ್ ಮಗ್ ಇಟ್ಟಿದ್ದರು. ಅದಕ್ಕೇ ಉಗುಳಬೇಕು. ಉಗುಳಿದ್ದು ಕಡಿಮೆಯಾಯಿತೆಂದು ಕಂಡರೆ ಇನ್ನೊಂದು ಸುತ್ತು ಹೆಚ್ಚು ಓಟ.

ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡಲು ಬರುತ್ತಿದ್ದ ನರ್ಸು ಒಂದು ದಿನ ಆ ಮಗ್ ಕಂಡಳು. ವಿಷಯ ತಿಳಿದು ತಾತನನ್ನು ಬೇವಿನ ಮರದ ನೆರಳಿಗೆ ಕರೆದು ಕೂರಿಸಿ ತಾಳ್ಮೆಯಿಂದ ವಿವರಿಸಿದಳು. ಓಡುವ ಮೈ ಕಾಯುತ್ತದೆ, ಬೆವರಿ ತಣ್ಣಗಾಗಬೇಕು, ಬೆವರಲು ಮೈಯಲ್ಲಿ ನೀರಿರಬೇಕು, ಮಕ್ಕಳ ಮೈ ದೊಡ್ಡವರದಕ್ಕಿಂತ ಬೇಗ ಕಾಯುತ್ತದೆ, ಸುತ್ತಿಗೊಮ್ಮೆ ಎರಡೆರಡು ಗುಟುಕು ಕುಡಿಸಿದರೆ ಯಾರ ಹೊಟ್ಟೆಯೂ ಭಾರವಾಗುವುದಿಲ್ಲ ಎಂದಳು. ತಾತ ಎಲ್ಲವನ್ನೂ ಮರ್ಯಾದೆಯಿಂದಲೇ ಕೇಳಿಸಿಕೊಂಡರು.

“ನೀನು ಓದಿದವಳಮ್ಮ, ಇಲ್ಲ ಅನ್ನಲ್ಲ,” ಎಂದರು. “ಆದ್ರೆ ನಾನು ಐವತ್ತು ವರ್ಷ ಓಡಿದವನು, ಓಡಿಸಿದವನು. ಇಷ್ಟು ಮಕ್ಕಳಲ್ಲಿ ಒಬ್ಬನಾದ್ರೂ ಸತ್ತಿದ್ದಾನಾ?”

“ಸತ್ತಿಲ್ಲ ಅನ್ನೋದು ನಿಮ್ಮ ಅದೃಷ್ಟ ತಾತ, ವಿದ್ಯೆ ಅಲ್ಲ,” ಎಂದಳು ನರ್ಸು.

ಆ ಮಾತು ತಾತನಿಗೆ ಚುಚ್ಚಿತು. ಮನೆಗೆ ಬಂದು ಸೊಸೆಯ ಮುಂದೆ, ನಿನ್ನೆ ಮೊನ್ನೆ ಬಂದವರೆಲ್ಲ ನನಗೆ ಓಟ ಕಲಿಸುತ್ತಾರೆ ಎಂದು ಗೊಣಗಿದರು. ಸೊಸೆ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಾ, ಮಗುವಾದರೂ ಒಂದಿಷ್ಟು ಕುಡಿಯಲಿ ಬಿಡಿ ಮಾವ, ಮನೆಗೆ ಬಂದಾಗ ತುಟಿಯೆಲ್ಲ ಒಡೆದಿರುತ್ತೆ ಎಂದು ಮೆಲ್ಲಗೆ ಅಂದಳು. ಮನೆಗೆ ಬಂದ ಮೇಲೆ ಕುಡಿಯುತ್ತಾಳಲ್ಲ, ಯಾರು ಬೇಡ ಅಂದರು ಎಂದರು ತಾತ. ಸೊಸೆ ಮತ್ತೆ ಆ ಮಾತೆತ್ತಲಿಲ್ಲ. ಮಗಳ ಮೇಲೆ ತನಗಿಂತ ಅವರಿಗೇ ಪ್ರೀತಿ ಹೆಚ್ಚು ಎಂದು ಅವಳು ನಂಬಿದ್ದಳು, ಆ ನಂಬಿಕೆ ಸುಳ್ಳೂ ಅಲ್ಲ. ನಮ್ಮ ಮನೆಗಳಲ್ಲಿ ಎಷ್ಟೋ ಕೇಡು ಪ್ರೀತಿಯ ಕೈಯಿಂದಲೇ ಆಗುತ್ತದೆ, ಅದಕ್ಕೇ ಯಾರೂ ಆ ಕೈ ಹಿಡಿದು ತಡೆಯುವುದಿಲ್ಲ.

ಬೇಸಿಗೆ ಏರಿದಾಗ ಶಾಲೆಗಳ ನಡುವಿನ ಓಟದ ಸ್ಪರ್ಧೆಗೆ ದಿನ ಗೊತ್ತಾಯಿತು. ಎರಡೇ ವಾರ ಉಳಿದಿತ್ತು. ಬೆಳಗಿನ ಹೊತ್ತು ಪರೀಕ್ಷೆ ಇದ್ದುದರಿಂದ ಅಭ್ಯಾಸ ಮಧ್ಯಾಹ್ನ ಮೂರು ಗಂಟೆಗೆ ಬಿತ್ತು. ನೆಲಕ್ಕೆ ಕೈಯಿಟ್ಟರೆ ಸುಡುವ ಹೊತ್ತು ಅದು. ಮಿಡತೆಗೆ ಎರಡು ದಿನ ಜ್ವರ ಬಂದು ಆಗಷ್ಟೇ ಬಿಟ್ಟಿತ್ತು. ಇವತ್ತೊಂದು ದಿನ ಮಲಗಲಿ ಎಂದು ತಾಯಿ ಅಂದರೆ, ಮಗುವೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿತ್ತು. ಹಗುರವಾಗಿ ಓಡಿಸಿ ಕರೆತರುತ್ತೇನೆ ಎಂದು ತಾತ ಭರವಸೆ ಕೊಟ್ಟರು.

ಹಗುರವಾಗಿ ಎಂದು ಹೊರಟದ್ದು ಮೈದಾನದಲ್ಲಿ ಆರು ಸುತ್ತಾಯಿತು. ಅವಳು ಚೆನ್ನಾಗಿಯೇ ಓಡುತ್ತಿದ್ದಳು, ತಾತನಿಗೆ ಆಸೆ ಹುಟ್ಟಿತು. ಮೂರನೆಯ ಸುತ್ತಿಗೆ ಬಂದು ಬಾಯಿಗೆ ನೀರು ಹಾಕಿಕೊಂಡು, ಕೆನ್ನೆ ಉಬ್ಬಿಸಿಯೇ ತಾತನ ಮುಖ ನೋಡಿದಳು. ಆಮೇಲೆ ಉಗುಳಿ, “ತಾತ, ಮುಂದಿನ ಸಲ ನುಂಗ್ಲಾ?” ಎಂದು ಕೇಳಿದಳು.

“ನುಂಗೋದು ಮನೇಲಿ,” ಎಂದರು ತಾತ.

ಐದನೆಯ ಸುತ್ತಿಗೆ ಬಂದಾಗ ಅವಳ ಮುಖ ಕೆಂಡದಂತಾಗಿತ್ತು. ಅವಳು ನಿಂತುಬಿಟ್ಟಳು. “ಒಂದೇ ಗುಟುಕು ತಾತ. ಯಾರಿಗೂ ಹೇಳಲ್ಲ.”

ಉಳಿದ ಮಕ್ಕಳೆಲ್ಲ ನೋಡುತ್ತಿದ್ದರು. ಸ್ವಂತ ಮೊಮ್ಮಗಳಿಗೆ ಒಂದು ಕಟ್ಟಳೆ, ಪರರ ಮಕ್ಕಳಿಗೆ ಒಂದು ಎಂದಾಗಬಾರದೆಂಬ ಹಟ ತಾತನಿಗೆ. ಒಂದೇ ಒಂದು ಸುತ್ತು, ಮುಗಿಸಿ ಬಾ, ಬಿಂದಿಗೆ ತುಂಬ ಕೊಡುತ್ತೇನೆ ಎಂದರು. ಅವಳು ಹೋದಳು.

ಆ ಸುತ್ತಿನಲ್ಲಿ ಅವಳು ಗೆರೆ ಬಿಟ್ಟು ಅತ್ತಿತ್ತ ಓಡತೊಡಗಿದಳು. ಮುಗಿಸುವ ಗೆರೆ ದಾಟಿದ ಮೇಲೂ ನಿಲ್ಲದೆ ಗೋಡೆಯ ಕಡೆ ಹೋದಳು. ತಾತ ಓಡಿಹೋಗಿ ಹಿಡಿದುಕೊಂಡಾಗ, ಗಂಟೆ ಹೊಡೆಯಿತು, ನನ್ನ ಚೀಲ ಎಲ್ಲಿ ಎಂದು ಏನೇನೋ ಕೇಳಿದಳು. ಮೈ ಮುಟ್ಟಿದರೆ ಕಾದ ಹಂಚು. ಕಾಲು ಕುಸಿಯಿತು. ತಾತ ಬಾಯಿಗೆ ನೀರು ಬಿಡಲು ನೋಡಿದರು, ಅದು ಕಟವಾಯಿಯಿಂದ ಹೊರಗೆ ಹರಿಯಿತು. ಮಕ್ಕಳು ಬಕೆಟಿನಲ್ಲಿ ನೀರು ಹೊತ್ತು ತಂದು ಮೈಮೇಲೆ ಸುರಿಯಲು ಹೊರಟರು. ಕಾದ ಮೈಗೆ ತಣ್ಣೀರು ಹಾಕಿದರೆ ಶೀತ ಒಳಗೆ ಇಳಿಯುತ್ತದೆ ಎಂಬುದೂ ಆ ಹಳೆಯ ಗುರುವಿನ ಪಾಠವೇ. ತಾತ ಮಕ್ಕಳನ್ನು ತಡೆದು, ಹೆಗಲ ಮೇಲಿನ ಟವೆಲ್ ತೆಗೆದು ಅವಳಿಗೆ ಹೊದಿಸಿದರು. ಆಟೋ ಬರುವಷ್ಟರಲ್ಲಿ ಅವಳಿಗೆ ಸೆಳೆತ ಶುರುವಾಗಿತ್ತು.

ಆಸ್ಪತ್ರೆಯಲ್ಲಿ ಅವಳನ್ನು ಐಸಿನ ನಡುವೆ ಮಲಗಿಸಿದರು. ಡಾಕ್ಟರು ಹೊರಗೆ ಬಂದು, ಬಿದ್ದ ತಕ್ಷಣ ಮೈಮೇಲೆ ನೀರು ಯಾಕೆ ಸುರಿಯಲಿಲ್ಲ ಎಂದು ಕೇಳಿದರು. ಇಸ್ತ್ರಿಯ ಬಟ್ಟೆ ಹಾಗೇ ಬಿಟ್ಟು ಓಡಿ ಬಂದಿದ್ದ ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಅವಳು ನೀರು ಕೇಳಿದ್ಲಾ ಮಾವ?”

“ಇಲ್ಲಮ್ಮ,” ಎಂದರು ತಾತ.

ಆ ಸುಳ್ಳು ಎಲ್ಲಿಂದ ಬಂತೋ ಅವರಿಗೇ ತಿಳಿಯಲಿಲ್ಲ. ಆಡಿದ ಮೇಲೆ ಹಿಂತೆಗೆದುಕೊಳ್ಳುವ ಧೈರ್ಯವೂ ಬರಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಮಗು ತೀರಿಕೊಂಡಿತು.

ಸಾಂತ್ವನ ಹೇಳಲು ಬಂದವರೆಲ್ಲ ಒಂದೊಂದು ಕಾರಣ ತಂದರು. ಹಣೆಯಲ್ಲಿ ಬರೆದದ್ದು ಅಷ್ಟೇ ಎಂದರು. ಚೆನ್ನಾಗಿ ಓಡುವ ಮಗು, ಯಾರದೋ ಕಣ್ಣು ಬಿತ್ತು ಎಂದರು. ಹುಟ್ಟಿನಿಂದಲೇ ಹೃದಯ ಸೊರಗಿತ್ತೇನೋ ಎಂದು ಹೆಡ್ಮಿಸ್ಸು ಹೇಳಿದರು. ತಾತ ಯಾವುದನ್ನೂ ಅಲ್ಲಗಳೆಯಲಿಲ್ಲ. ಅವರೆಲ್ಲರ ಮಾತಿನ ಮರೆಯಲ್ಲಿ ತಲೆತಗ್ಗಿಸಿ ಕುಳಿತರು. ಲಾರಿಯಿಂದ ಇಳಿದು ಬಂದ ಮಗ, ನೀವು ಹೀಗೆ ಕೊರಗಬೇಡಿ ಅಪ್ಪ, ನಿಮ್ಮ ತಪ್ಪೇನಿದೆ ಎಂದು ಅವರನ್ನೇ ತಬ್ಬಿ ಅತ್ತ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ನರ್ಸು ಬಂದಳು. ನಾನು ಹೇಳಿರಲಿಲ್ಲವೇ ಎನ್ನಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕುಳಿತಳು. ಕೊನೆಗೆ ತಾತನೇ, ಅವತ್ತು ನೀರು ಕೊಟ್ಟಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದರು.

“ಒಂದು ಗುಟುಕಿಂದ ಉಳೀತಿದ್ಲು ಅಂತ ನಾನು ಹೇಳಲ್ಲ,” ಎಂದಳು ನರ್ಸು. “ಜ್ವರ ಬಿಟ್ಟ ಮೈ, ಆ ಬಿಸಿಲಲ್ಲಿ ಓಡಿಸಬಾರದಿತ್ತು. ಓಡೋಕೆ ಮೊದಲಿಂದ ಕುಡಿಸ್ತಾ ಇರಬೇಕಿತ್ತು. ಬಿದ್ದ ತಕ್ಷಣ ನೀರು ಸುರೀಬೇಕಿತ್ತು. ಇಷ್ಟೂ ಮಾಡಿದ್ರೆ ಉಳೀತಿದ್ಲು ಅನ್ಸುತ್ತೆ ತಾತ. ನಿಮಗೆ ಸುಳ್ಳು ಹೇಳೋಕೆ ನನಗೆ ಬರಲ್ಲ.”

ಸುಳ್ಳು ಹೇಳಲು ಬರುವುದಿಲ್ಲ ಎಂಬ ಆ ಮಾತು ಬಹಳ ದಿನ ತಾತನ ಎದೆಯಲ್ಲಿ ಕುಳಿತಿತ್ತು. ಅವರು ಊಟಕ್ಕೆ ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ. ಸೊಸೆ ತಟ್ಟೆ ಇಡುತ್ತಿದ್ದಳು, ತೆಗೆಯುತ್ತಿದ್ದಳು. ಅವರ ನಡುವೆ ಅಷ್ಟೇ ಮಾತು.

ತಿಂಗಳೊಂದು ಕಳೆದಿರಬೇಕು. ಮಗು ಹೋದ ಮೇಲೆ ಮುಂದಕ್ಕೆ ಹಾಕಿದ್ದ ಸ್ಪರ್ಧೆಗೆ ಮತ್ತೆ ದಿನ ಗೊತ್ತಾಗಿ, ಮಕ್ಕಳನ್ನು ಆರಿಸುವ ದಿನ ಬಂತು. ಮೈದಾನದ ಸೀಟಿಯ ಸದ್ದು ಇಸ್ತ್ರಿ ಅಂಗಡಿಯವರೆಗೆ ಕೇಳಿಸಿತು. ಈಗ ಓಡಿಸುತ್ತಿದ್ದವನು ತಾತನ ಹಳೆಯ ಶಿಷ್ಯ, ಗಿರಣಿಯಲ್ಲೇ ಕೆಲಸಕ್ಕಿದ್ದ ಯುವಕ. ತಾತ ಚಪ್ಪಲಿ ಮೆಟ್ಟಿ ಹೊರಟರು. ಗೇಟಿನ ಬಳಿ ಬಂದು ನೋಡಿದರೆ ಮಕ್ಕಳು ಸಾಲಾಗಿ ನಿಂತು ಬಾಯಿ ಮುಕ್ಕಳಿಸಿ ಉಗುಳುತ್ತಿದ್ದಾರೆ. ಶಿಷ್ಯ ಮಗ್ ಹಿಡಿದು ಒಬ್ಬೊಬ್ಬರದೂ ನೋಡುತ್ತಿದ್ದಾನೆ. ಸುತ್ತ ಕುಳಿತ ತಂದೆತಾಯಂದಿರು ಮೆಚ್ಚಿಕೊಂಡು ನೋಡುತ್ತಿದ್ದಾರೆ. ಒಂದು ಮಗು ಸತ್ತಿತ್ತು, ಕಟ್ಟಳೆ ಮಾತ್ರ ಕೂದಲಷ್ಟೂ ಕೊಂಕಿರಲಿಲ್ಲ.

ತಾತ ನೇರವಾಗಿ ಹೋಗಿ ಶಿಷ್ಯನ ಕೈಯಿಂದ ಮಗ್ ತೆಗೆದುಕೊಂಡರು.

“ಇವರಿಗೆ ಕುಡಿಯೋಕೆ ನೀರು ಕೊಡು.”

“ನೀವೇ ಕಲಿಸಿದ್ದಲ್ವಾ ತಾತ,” ಎಂದ ಅವನು, ತಬ್ಬಿಬ್ಬಾಗಿ.

“ನಾನೇ ಕಲಿಸಿದ್ದು. ಅದಕ್ಕೇ ಬಂದಿದ್ದೀನಿ.”

ಅವರು ತಂದೆತಾಯಂದಿರ ಕಡೆ ತಿರುಗಿದರು. ಭಾಷಣ ಮಾಡಿ ಅಭ್ಯಾಸವಿಲ್ಲದ ಮನುಷ್ಯ, ಮಾತು ತಡವರಿಸುತ್ತಲೇ ಬಂತು. ನನ್ನ ಮೊಮ್ಮಗಳು ಹಣೆಬರಹದಿಂದ ಸಾಯಲಿಲ್ಲ ಎಂದರು. ಅವಳ ಹೃದಯ ಗಟ್ಟಿಯಾಗಿತ್ತು, ಕಣ್ಣು ತಾಗಿಸಿದವರು ಯಾರೂ ಇಲ್ಲ. ಸುಡುವ ಬಿಸಿಲಲ್ಲಿ ನೀರು ಕೊಡದೆ ಓಡಿಸಿದೆ, ಬಿದ್ದ ಮೇಲೆ ಮೈಗೆ ನೀರು ಹಾಕಲು ಬಂದ ಮಕ್ಕಳನ್ನೂ ತಡೆದೆ. ಬೇಡವೆಂದು ಹೇಳಿದವರಿದ್ದರು, ನಾನು ಕೇಳಲಿಲ್ಲ. ನನ್ನ ಗುರುವೂ ತಪ್ಪಿದ್ದರು, ನಾನೂ ತಪ್ಪಿದೆ, ಇವನೂ ತಪ್ಪುವುದು ಬೇಡ.

ಯಾರೋ ಒಬ್ಬ ತಂದೆ, ನಿಮ್ಮದು ನಾಜೂಕು ಮಗು, ನಮ್ಮ ಹುಡುಗರು ತಡೆದುಕೊಳ್ಳುತ್ತಾರೆ ಎಂದ. ತಾತ ಅವನ ಮಾತಿಗೆ ಸಿಟ್ಟಾಗಲಿಲ್ಲ. “ಐವತ್ತು ವರ್ಷ ನಾನೂ ಇದೇ ಅಂತಿದ್ದೆ ಕಣಪ್ಪ,” ಎಂದಷ್ಟೇ ಅಂದರು. ಒಬ್ಬ ತಾಯಿ ಎದ್ದು ತನ್ನ ಮಗನಿಗೆ ನೀರಿನ ಬಾಟಲಿ ಕೊಟ್ಟಳು, ಅವಳ ಹಿಂದೆ ಇನ್ನಿಬ್ಬರು ಎದ್ದರು. ಹೆಚ್ಚಿನವರು ಕುಳಿತೇ ಇದ್ದರು. ಶಿಷ್ಯ ನೆಲ ನೋಡುತ್ತಾ ನಿಂತಿದ್ದ.

ತಾತ ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಸೊಸೆ ಯಾರದೋ ಶಾಲೆಯ ಲಂಗಕ್ಕೆ ಇಸ್ತ್ರಿ ಹಾಕುತ್ತಿದ್ದಳು, ಕಣ್ಣೆತ್ತಿ ನೋಡಲಿಲ್ಲ.

“ಎಲ್ಲರ ಮುಂದೆ ಹೇಳಿದ್ರಂತೆ.”

“ಹೇಳಿದೆ.”

“ಅವತ್ತು ಆಸ್ಪತ್ರೇಲಿ ನಾನೊಂದು ಮಾತು ಕೇಳಿದ್ದೆ.”

ತಾತ ಬಾಗಿಲ ಬಳಿಯೇ, ಮಾಸಿದ ಬಟ್ಟೆಯ ಗಂಟುಗಳ ನಡುವೆ ಕುಸಿದು ಕುಳಿತರು. “ಕೇಳಿದ್ಲಮ್ಮ,” ಎಂದರು. “ಎರಡು ಸಲ ಕೇಳಿದ್ಲು.”

ಸೊಸೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಸ್ವಿಚ್ ಆರಿಸಿದಳು. ಅವಳಿಗೆ ಇದು ಗೊತ್ತಿತ್ತು. ತಾಯಿಗೆ ಗೊತ್ತಾಗದೆ ಇರುತ್ತದೆಯೇ?

“ಏನಂತ ಕೇಳಿದ್ಲು? ಅವಳು ಹೇಳಿದ ಹಾಗೇ ಹೇಳಿ.”

ತಾತ ಹೇಳಿದರು. ಒಂದಕ್ಷರ ಬಿಡದೆ, ತಾವು ಕೊಟ್ಟ ಉತ್ತರವನ್ನೂ ಸೇರಿಸಿ ಹೇಳಿದರು. ಯಾರಿಗೂ ಹೇಳಲ್ಲ ಅಂದಳು ಎನ್ನುವಲ್ಲಿ ಸೊಸೆ ಆ ಲಂಗವನ್ನು ಮುಖಕ್ಕೊತ್ತಿಕೊಂಡು, ಮಗಳು ಹೋದ ದಿನವೂ ಅಳದಷ್ಟು ಅತ್ತಳು. ತಾತ ಅವಳನ್ನು ಸಮಾಧಾನಪಡಿಸಲು ಏಳಲಿಲ್ಲ, ಆ ಹಕ್ಕು ತನಗಿಲ್ಲವೆಂದು ಕುಳಿತೇ ಇದ್ದರು.

ಅತ್ತು ಮುಗಿದ ಮೇಲೆ ಅವಳು ಮುಖ ಒರೆಸಿಕೊಂಡಳು.

“ನಾನು ಇದನ್ನ ಮರೆಯಲ್ಲ ಮಾವ. ಮರೀತೀನಿ ಅಂತ ಕಾಯಬೇಡಿ,” ಎಂದಳು. “ಆದ್ರೆ ಇವತ್ತು ಅಲ್ಲಿ ಅರ್ಧ ಹೇಳಿದ್ದೀರಿ. ನಾಳೆ ಇದನ್ನೂ ಹೇಳಿ. ಬರೀ ನೀರು ಕೊಡಿ ಅಂದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ.”

ಮರುದಿನ ಮೈದಾನಕ್ಕೆ ಇಬ್ಬರೂ ಹೋದರು. ಎರಡನೆಯ ಸಲ ಮಗು ಕೇಳಿದ ಮಾತಿಗೆ ಬಂದು ತಾತ ನಿಂತುಬಿಟ್ಟರು. ಅಲ್ಲಿಂದ ಮುಂದಿನದನ್ನು ಸೊಸೆ ಹೇಳಿ ಮುಗಿಸಿದಳು.